ಇ-ಮೇಲ್ ಉಪಕರಣಗಳ ವಿವರಣಪತ್ರಗಳು: ಆಕರ ವಿಮರ್ಶೆಯ ದೃಷ್ಟಿಯಿಂದ

ದಸ್ತಾವೇಜೊಂದು ಕೈಗೆ ಬಂದಾಗ ಅದನ್ನು ಬರೆದವರು ಯಾರು, ಯಾರನ್ನು ಉದ್ದೇಶಿಸಿ ಬರೆದರು, ಏತಕ್ಕಾಗಿ ಬರೆದರು ಎಂಬ ಮೂರು ಪ್ರಶ್ನೆಗಳನ್ನು ಇತಿಹಾಸದ ವಿದ್ಯಾರ್ಥಿಯು ಮೊದಲು ಕೇಳಿಕೊಳ್ಳುತ್ತಾನೆ. ಇವುಗಳಲ್ಲಿ ಎರಡನೆಯದು ಇದುವರೆಗೆ ಅಷ್ಟು ತೊಡಕಿನದಾಗಿರಲಿಲ್ಲ. ಶಾಸನವಾಗಲಿ, ಅರಮನೆಯ ನಿರೂಪವಾಗಲಿ, ಕಚೇರಿಯ ಕಡತವಾಗಲಿ, ಓದತಕ್ಕವನು ಮನುಷ್ಯನೇ ಆಗಿದ್ದನು. ಈಚಿನ ಕೆಲವು ವರ್ಷಗಳಲ್ಲಿ, ಮನುಷ್ಯನಲ್ಲದ ಓದುಗನಿಗಾಗಿಯೇ ಬರೆದ ಒಂದು ಬಗೆಯ ಬರವಣಿಗೆ ಹುಟ್ಟಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಏಜೆಂಟುಗಳು ನಮ್ಮ ಇ-ಮೇಲನ್ನು ಓದುವುದಕ್ಕೂ ವಿಂಗಡಿಸುವುದಕ್ಕೂ ಉತ್ತರ ಬರೆದು ಕಳುಹಿಸುವುದಕ್ಕೂ ಬಳಸುವ ಉಪಕರಣಗಳ ವಿವರಣಪತ್ರಗಳೇ ಆ ಬರವಣಿಗೆ. ಇವುಗಳನ್ನು ತಂತ್ರಜ್ಞರು ಬರೆಯುತ್ತಾರೆ, ತಂತ್ರಜ್ಞರೇ ತಿದ್ದುತ್ತಾರೆ. ಇದರಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ಅನುಚಿತವಾದ ಪ್ರಶ್ನೆಯಲ್ಲ. ಆದರೆ ನಮ್ಮ ಕಾಲದ ಪತ್ರವ್ಯವಹಾರವೆಲ್ಲ ಈಗ ಇ-ಮೇಲಿನಲ್ಲಿದೆ. ಮುಂದೆ ಈ ಕಾಲದ ಚರಿತ್ರೆಯನ್ನು ಬರೆಯುವವನಿಗೆ ಅದೇ ಆಕರ. ಆ ಆಕರವನ್ನು ಮುಟ್ಟುವ, ಕದಲಿಸುವ, ಅಳಿಸುವ ಕೈ ಯಾವ ಆಜ್ಞೆಯನ್ನು ಓದಿ ನಡೆಯುತ್ತದೆ ಎಂಬುದನ್ನು ಪರಿಶೀಲಿಸುವುದು ನಮ್ಮ ಶಾಸ್ತ್ರಕ್ಕೆ ಹೊರಗಿನದಾಗಲಾರದು.

ಏಜೆಂಟು ಎಂದರೆ ಭಾಷಾಮಾದರಿಯೊಂದರ ಬಲದಿಂದ ನಡೆಯುವ ಪ್ರೋಗ್ರಾಮು. ಒಡೆಯನು ಒಂದು ಕೆಲಸವನ್ನು ಹೇಳಿದರೆ ಅದನ್ನು ಹಂತಗಳಾಗಿ ಬಿಡಿಸಿಕೊಂಡು, ಪ್ರತಿ ಹಂತಕ್ಕೂ ತಕ್ಕ ಉಪಕರಣವನ್ನು ತಾನೇ ಆರಿಸಿಕೊಂಡು ಅದು ಮುಂದುವರಿಯುತ್ತದೆ. ಉಪಕರಣದ ಒಳಗೇನಿದೆ ಎಂಬುದು ಸಾಮಾನ್ಯವಾಗಿ ಅದಕ್ಕೆ ಕಾಣುವುದಿಲ್ಲ. ಕಾಣುವುದು ಉಪಕರಣದ ಹೆಸರು, ನಾಲ್ಕಾರು ಸಾಲುಗಳ ವಿವರಣೆ, ಒದಗಿಸಬೇಕಾದ ವಿವರಗಳ ಪಟ್ಟಿ, ಇಷ್ಟು ಮಾತ್ರ. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಒಡಂಬಡಿಕೆಯು ಈ ಮೂರು ಅಂಗಗಳಿಗೂ ಒಂದು ಸಮಾನರೂಪವನ್ನು ಕೊಟ್ಟಿತು. ಇಂದು ಇ-ಮೇಲ್ ಉಪಕರಣಗಳು ಬಹುಮಟ್ಟಿಗೆ ಈ ಅಚ್ಚಿನಲ್ಲಿಯೇ ಬರುತ್ತಿವೆ. ಇದರಿಂದ ಹುಟ್ಟಿದ ವಿಶೇಷವನ್ನು ಗಮನಿಸಬೇಕು. ಮನುಷ್ಯನಿಗೆ ಬರೆದ ಕೈಪಿಡಿಯಲ್ಲಿ ಒಂದು ಮಾತು ಬಿಟ್ಟುಹೋಗಿದ್ದರೆ ಅವನು ಪಕ್ಕದ ಮೇಜಿನವನನ್ನು ಕೇಳುತ್ತಾನೆ, ಅನುಮಾನವಿದ್ದರೆ ಕೈತಡೆಯುತ್ತಾನೆ. ಏಜೆಂಟಿಗೆ ಪಕ್ಕದ ಮೇಜಿಲ್ಲ. ಅದರ ಪಾಲಿಗೆ ವಿವರಣೆಯೇ ಉಪಕರಣ. ವಿವರಣೆಯಲ್ಲಿ ಇಲ್ಲದ ಪರಿಣಾಮವು ಅದರ ಲೋಕದಲ್ಲಿಯೇ ಇಲ್ಲ.

ಈ ವಿವರಣಪತ್ರಗಳಲ್ಲಿ ಬಹುಭಾಗವು ಉಪಕರಣವನ್ನು ಹೇಗೆ ಕರೆಯಬೇಕೆಂಬುದನ್ನು ಹೇಳುತ್ತವೆ. ಕರೆದ ಮೇಲೆ ಪತ್ರಕ್ಕೆ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಪ್ರಸ್ತುತ ಲೇಖಕನ ಮುಖ್ಯ ಆಕ್ಷೇಪ ಇದೇ. ಇದನ್ನು ಸ್ಪಷ್ಟಪಡಿಸಲು ಹಳೆಯ ದಸ್ತಾವೇಜುಗಳೊಡನೆ ಹೋಲಿಸಿ ನೋಡುವುದು ಅವಶ್ಯಕ.

ಇಂಟರ್ನೆಟ್ಟಿನ ಮೂಲನಿಯಮಗಳು ಆರ್‌ಎಫ್‌ಸಿ ಎಂಬ ಹೆಸರಿನ ಪತ್ರಮಾಲೆಯಲ್ಲಿವೆ. ಇದರ ಮೊದಲ ಪತ್ರ 1969ರದು. ಇ-ಮೇಲನ್ನು ರವಾನಿಸುವ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ 821ನೆಯ ಪತ್ರದಲ್ಲಿ ವಿಧಿಸಿದನು. ಸಂಗ್ರಹದಲ್ಲಿರುವ ಪತ್ರಗಳನ್ನು ದೂರದಿಂದ ಓದಿ ನಿರ್ವಹಿಸುವ ಐಮ್ಯಾಪ್ ಪದ್ಧತಿಯು ಮಾರ್ಕ್ ಕ್ರಿಸ್ಪಿನ್ ಎಂಬವನ ಕೃತಿ. ಅದರ ಪರಿಷ್ಕೃತ ಪಾಠವು 2003ರಲ್ಲಿ 3501ನೆಯ ಪತ್ರವಾಗಿ ಬಂದಿತು. 2021ರ 9051ನೆಯ ಪತ್ರವು ಅದರ ಈಚಿನ ರೂಪ. ಈ ಬರವಣಿಗೆ ಓದಲು ಹಿತವಾದುದೆಂದು ಯಾರೂ ಹೇಳಲಾರರು. ನೂರಕ್ಕೂ ಮಿಕ್ಕಿದ ಪುಟಗಳ ಶುಷ್ಕ ಗದ್ಯ. ಆದರೆ ಅದರ ಪ್ರಾಮಾಣಿಕತೆ ಅಸಾಧಾರಣವಾದುದು. ಮಾಡಲೇಬೇಕು, ಮಾಡುವುದು ಒಳ್ಳೆಯದು, ಮಾಡಬಹುದು ಎಂಬ ಮೂರು ಬಗೆಯ ವಿಧಿಗಳಿಗೂ ನಿಶ್ಚಿತಾರ್ಥವನ್ನು ಕಟ್ಟಿಕೊಟ್ಟ ಪತ್ರವೊಂದು 1997ರಲ್ಲಿ, ಅದೂ ಪ್ರತ್ಯೇಕವಾಗಿಯೇ, ಪ್ರಕಟವಾಗಿದೆ. ನಮ್ಮ ಮೀಮಾಂಸಕರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು.

ಐಮ್ಯಾಪ್ ಪತ್ರದಲ್ಲಿ ಅಳಿಸುವ ಕ್ರಿಯೆಯನ್ನು ಹೇಗೆ ನಿರೂಪಿಸಿದೆ ಎಂಬುದನ್ನು ನೋಡೋಣ. ಪತ್ರವನ್ನು ಅಳಿಸಲು ಅಲ್ಲಿ ಎರಡು ಹೆಜ್ಜೆಗಳುಂಟು. ಮೊದಲು ಪತ್ರಕ್ಕೆ ‘ಡಿಲೀಟೆಡ್’ ಎಂಬ ಗುರುತನ್ನು ಹಚ್ಚಬೇಕು. ಆಗಲೂ ಪತ್ರವು ಇದ್ದಲ್ಲಿಯೇ ಇರುತ್ತದೆ, ಗುರುತನ್ನು ಅಳಿಸಿದರೆ ಮೊದಲಿನಂತಾಗುತ್ತದೆ. ಬಳಿಕ ‘ಎಕ್ಸ್‌ಪಂಜ್’ ಎಂಬ ಆಜ್ಞೆ ಕೊಟ್ಟಾಗ ಗುರುತುಳ್ಳ ಪತ್ರಗಳೆಲ್ಲವೂ ಶಾಶ್ವತವಾಗಿ ಹೋಗುತ್ತವೆ. ಗುರುತು ಹಚ್ಚಿದವರು ನಾವೇ ಆಗಬೇಕೆಂದಿಲ್ಲ. ಬೇರೆ ಯಾರು ಹಚ್ಚಿದ್ದರೂ ಆ ಪತ್ರಗಳೂ ಹೋಗುತ್ತವೆ. ಈ ಅಪಾಯವನ್ನು ಮನಗಂಡು, ಹೆಸರಿಸಿದ ಪತ್ರಗಳನ್ನು ಮಾತ್ರ ತೆಗೆಯುವ ಆಜ್ಞೆಯನ್ನು ಮುಂದೆ ಸೇರಿಸಲಾಯಿತು. ಇನ್ನೂ ಒಂದು ಸೂಕ್ಷ್ಮವುಂಟು. ಪೆಟ್ಟಿಗೆಯನ್ನು ಮುಚ್ಚುವ ‘ಕ್ಲೋಸ್’ ಎಂಬ ನಿರಪಾಯವಾಗಿ ಕಾಣುವ ಆಜ್ಞೆಯೂ ಗುರುತುಳ್ಳ ಪತ್ರಗಳನ್ನು ಅಳಿಸಿಬಿಡುತ್ತದೆ, ಅದೂ ಯಾವ ಪತ್ರ ಹೋಯಿತೆಂದು ತಿಳಿಸದೆ. ಇದು ಒಳ್ಳೆಯ ವ್ಯವಸ್ಥೆಯೋ ಅಲ್ಲವೋ ಎಂಬುದು ಬೇರೆ ಮಾತು. ಆದರೆ 3501ನೆಯ ಪತ್ರವು ಇದನ್ನು ಮರೆಮಾಚದೆ ಬರೆದಿಟ್ಟಿದೆ.

ಓದುವ ಕ್ರಿಯೆಯ ವಿಷಯದಲ್ಲಂತೂ ಅದರ ಎಚ್ಚರಿಕೆ ಇನ್ನೂ ಹೆಚ್ಚಿನದು. ಐಮ್ಯಾಪಿನಲ್ಲಿ ಪತ್ರದ ಒಡಲನ್ನು ಸಾಮಾನ್ಯ ರೀತಿಯಿಂದ ತರಿಸಿಕೊಂಡರೆ ಅದಕ್ಕೆ ‘ಸೀನ್’, ಎಂದರೆ ನೋಡಿಯಾಯಿತು ಎಂಬ ಗುರುತು ತಾನಾಗಿಯೇ ಬೀಳುತ್ತದೆ. ಗುರುತು ಬೀಳದಂತೆ ನೋಡಲು ‘ಪೀಕ್’ ಎಂಬ ಬೇರೆಯೇ ಪ್ರಕಾರವಿದೆ. ಪೆಟ್ಟಿಗೆಯನ್ನೇ ಬದಲಾವಣೆಗೆ ಅವಕಾಶವಿಲ್ಲದಂತೆ ತೆರೆಯಲು ‘ಎಕ್ಸಾಮಿನ್’ ಎಂಬ ಆಜ್ಞೆಯಿದೆ. ಪತ್ರಾಗಾರದಲ್ಲಿ ಕೆಲಸ ಮಾಡಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಆಕರವನ್ನು ನೋಡುವುದರಿಂದಲೇ ಆಕರ ಬದಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕ್ರಿಸ್ಪಿನ್ ಕೇಳಿಕೊಂಡಿದ್ದನು, ಉತ್ತರವನ್ನೂ ಬರೆದಿದ್ದನು.

ಏಜೆಂಟುಗಳಿಗಾಗಿ ಬರೆದ ಇಂದಿನ ವಿವರಣಪತ್ರಗಳಲ್ಲಿ ಇದೇ ಕ್ರಿಯೆಗೆ ಸಾಮಾನ್ಯವಾಗಿ ಸಿಗುವುದು ‘ಪತ್ರವನ್ನು ಓದುತ್ತದೆ’ ಎಂಬ ಒಂದೇ ಸಾಲು. ಇದರ ಫಲವನ್ನು ಪ್ರಸ್ತುತ ಲೇಖಕನು ಸ್ವತಃ ಉಂಡಿದ್ದಾನೆ. ಒಂದು ವಿಚಾರಗೋಷ್ಠಿಯ ಪತ್ರವ್ಯವಹಾರದಲ್ಲಿ, ಉತ್ತರ ಬರೆಯಬೇಕಾದ ಪತ್ರಗಳನ್ನು ತೆರೆಯದೆ ಹಾಗೆಯೇ ಬಿಡುವುದು ಅವನ ವಾಡಿಕೆಯಾಗಿತ್ತು. ತೆರೆಯದ ಪತ್ರವೇ ಬಾಕಿಯ ಲೆಕ್ಕ. ಬಂದ ಪ್ರಬಂಧಗಳ ಪಟ್ಟಿಯೊಂದನ್ನು ಮಾಡಿಕೊಡೆಂದು ಏಜೆಂಟಿಗೆ ಹೇಳಲಾಯಿತು. ಪಟ್ಟಿಯೇನೋ ಅಚ್ಚುಕಟ್ಟಾಗಿ ಬಂದಿತು; ಆದರೆ ಅಷ್ಟರಲ್ಲಿ ಪತ್ರಗಳೆಲ್ಲವೂ ‘ನೋಡಿಯಾದುವು’ ಆಗಿದ್ದುವು. ಬಾಕಿ ಯಾವುದು, ತೀರಿದ್ದು ಯಾವುದು ಎಂಬ ಗುರುತೇ ಉಳಿಯಲಿಲ್ಲ. ನಿವೃತ್ತ ಅಧ್ಯಾಪಕರೊಬ್ಬರು ಮೂರು ವಾರ ಕಾದು, ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದುಕೊಂಡರು. ಏಜೆಂಟು ಅವಿಧೇಯವಾಗಿರಲಿಲ್ಲ, ಓದುತ್ತದೆ ಎಂದು ಬರೆದಿದ್ದ ಉಪಕರಣದಿಂದ ಓದಿತು. ಗೂಗಲ್ ಸಂಸ್ಥೆಯ ಜಿಮೇಲಿಗೆ ಪ್ರೋಗ್ರಾಮುಗಳು ಹೋಗುವ ದಾರಿಯಲ್ಲಿ ಪತ್ರವನ್ನು ತರಿಸಿಕೊಂಡರೆ ಅದು ತೆರೆಯದ ಪತ್ರವಾಗಿಯೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಹೀಗೆ ಒಂದೇ ಸಾಲಿನ ಒಂದೇ ಕ್ರಿಯಾಪದವು ಒಂದೆಡೆ ಆಕರವನ್ನು ಮುಟ್ಟುತ್ತದೆ, ಇನ್ನೊಂದೆಡೆ ಮುಟ್ಟುವುದಿಲ್ಲ.

ಜಿಮೇಲಿನ ವಿವರಣಪತ್ರಗಳು ಈ ದೃಷ್ಟಿಯಿಂದ ಮೆಚ್ಚತಕ್ಕವು. ಪತ್ರವನ್ನು ಕಸದ ಬುಟ್ಟಿಗೆ ಹಾಕುವುದು ಒಂದು ಕ್ರಿಯೆ, ನೇರವಾಗಿ ಅಳಿಸುವುದು ಮತ್ತೊಂದು. ಎರಡನೆಯದು ಹಿಂದಿರುಗಿಸಲಾಗದ್ದೆಂದೂ, ಮೊದಲನೆಯದನ್ನೇ ಬಳಸುವುದು ಲೇಸೆಂದೂ ಅಲ್ಲಿ ಹೇಳಿದೆ. ಬುಟ್ಟಿಯಲ್ಲಿ ಬಿದ್ದ ಪತ್ರವೂ 30 ದಿನಗಳ ಬಳಿಕ ಹೋಗುತ್ತದೆ ಎಂಬುದನ್ನು ಮರೆಯಲಾಗದು. ಆದರೆ ಅಧಿಕಾರಪತ್ರಗಳ ವಿಂಗಡಣೆಯಲ್ಲಿ ಜಿಮೇಲಿನದೊಂದು ನ್ಯೂನತೆ ಕಾಣುತ್ತದೆ. ‘ರಚನೆ’ಯ ಅಧಿಕಾರವೆಂದು ಹೇಳಬಹುದಾದ ಅನುಮತಿಯೊಂದು ಅಲ್ಲಿದೆ, ಅದನ್ನು ಪಡೆದವನು ಕರಡುಗಳನ್ನು ಬರೆಯಬಹುದು, ಜೊತೆಗೆ ಕಳುಹಿಸಲೂಬಹುದು. ಕರಡನ್ನು ಮಾತ್ರ ಬರೆ, ಕಳುಹಿಸಬೇಡ ಎಂದು ಕಟ್ಟುಮಾಡುವ ಅನುಮತಿ ಆ ಪಟ್ಟಿಯಲ್ಲಿಲ್ಲ. ಆದುದರಿಂದ ‘ನಾನು ಕರಡು ಮಾತ್ರ ಮಾಡುತ್ತೇನೆ’ ಎಂದು ಹೇಳಿಕೊಳ್ಳುವ ಉಪಕರಣದ ಜೇಬಿನಲ್ಲಿಯೂ ಮೊಹರು ಇದ್ದೇ ಇರುತ್ತದೆ. ಕರಡು ಬೇರೆ, ಹೊರಟ ಪತ್ರ ಬೇರೆ, ಕಚೇರಿಯಲ್ಲಿ ಉಳಿದ ನಕಲು ಬೇರೆ ಎಂಬುದು ದಸ್ತಾವೇಜು ಪರೀಕ್ಷೆಯ ಮೊದಲ ಪಾಠ. 1681ರಲ್ಲಿ ಮಾಬಿಯೋನ್ ಈ ಶಾಸ್ತ್ರಕ್ಕೆ ತಳಹದಿ ಹಾಕಿದಂದಿನಿಂದ ಹಾಗೆಯೇ ನಡೆದುಬಂದಿದೆ. ಕರಡಿನಲ್ಲಿ ಮನುಷ್ಯನು ತನ್ನ ಕೋಪವನ್ನು ಬರೆಯುತ್ತಾನೆ. ಹೊರಟ ಪತ್ರದಲ್ಲಿ ಅದನ್ನು ಹೊಡೆದುಹಾಕಿರುತ್ತಾನೆ. ಈ ನಡುವಣ ಅಂತರವನ್ನು ಕಾಯುವ ಹೊಣೆಯು ಈಗ ಉಪಕರಣವನ್ನು ಬರೆದವನ ಸದ್ಬುದ್ಧಿಯ ಮೇಲೆ ನಿಂತಿದೆ.

ಹುಡುಕುವ ಉಪಕರಣಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದು ಕನ್ನಡಿಗರಿಗೆ ನೇರವಾಗಿ ತಗಲುವಂಥದು. ಇ-ಮೇಲಿನ ಶಿರೋಭಾಗವು ಮೂಲತಃ ರೋಮನ್ ಅಕ್ಷರಗಳಿಗಾಗಿ ಕಟ್ಟಿದ್ದು. ಅನ್ಯಲಿಪಿಯ ವಿಷಯಸೂಚಿಯನ್ನು 1996ರ 2047ನೆಯ ಪತ್ರದ ವಿಧಾನದಂತೆ ಸಂಕೇತಪದಗಳಾಗಿ ಮಾರ್ಪಡಿಸಿ ಕಳುಹಿಸಲಾಗುತ್ತದೆ. ಒಂದು ಸಂಕೇತಪದವು 75 ಅಕ್ಷರಗಳನ್ನು ಮೀರುವಂತಿಲ್ಲ. ಕನ್ನಡದ ಪ್ರತಿ ಲಿಪಿಸಂಜ್ಞೆಗೂ ಯುಟಿಎಫ್-8ರಲ್ಲಿ ಮೂರು ಬೈಟುಗಳು ಬೇಕು. ಲೆಕ್ಕ ಹಾಕಿದರೆ ಒಂದು ಸಂಕೇತಪದದಲ್ಲಿ ಹಿಡಿಯುವುದು 15 ಸಂಜ್ಞೆಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಜ್ಞೆಗಳು ತಗಲುವುದರಿಂದ, ಸಂಸ್ಕೃತಭೂಯಿಷ್ಠವಾದ ನಮ್ಮ ಗೋಷ್ಠಿಗಳ ಶೀರ್ಷಿಕೆಗಳು ಮೂರು ನಾಲ್ಕು ತುಂಡುಗಳಾಗಿಯೇ ಪ್ರಯಾಣ ಮಾಡುತ್ತವೆ. ಒಂದು ಸಂಜ್ಞೆಯ ಬೈಟುಗಳನ್ನು ಎರಡು ತುಂಡುಗಳಿಗೆ ಹಂಚಬಾರದೆಂದು ನಿಯಮವಿದೆ. ಅದನ್ನು ಮೀರುವ ಪ್ರೋಗ್ರಾಮಿನ ಕೈಯಲ್ಲಿ ಶೀರ್ಷಿಕೆ ಕೆಡುತ್ತದೆ. ಇನ್ನು ಹುಡುಕಾಟದ ಮಾತು. 2003ರ ಐಮ್ಯಾಪ್ ಪಾಠದಂತೆ ಸರ್ವರು ಒಪ್ಪಲೇಬೇಕಾದುದು ರೋಮನ್ ಲಿಪಿಯ ಆಸ್ಕಿಯನ್ನು ಮಾತ್ರ. ಯುಟಿಎಫ್-8 ಕಡ್ಡಾಯವಾದುದು 2021ರ ಪಾಠದಲ್ಲಿ. ‘ವಿಷಯಸೂಚಿಯಲ್ಲಿ ಹುಡುಕುತ್ತದೆ’ ಎಂದಷ್ಟೇ ಬರೆದ ಉಪಕರಣದ ಹಿಂದೆ ಯಾವ ಕಾಲದ ಸರ್ವರು ಕುಳಿತಿದೆಯೆಂಬುದು ಏಜೆಂಟಿಗೆ ತಿಳಿಯದು. ಅಲ್ಲದೆ ಜಿಮೇಲಿನ ಪಟ್ಟಿಯು ಬೇರೆ ಸಂಖ್ಯೆಯನ್ನು ಕೇಳದಿದ್ದರೆ ಒಮ್ಮೆಗೆ 100 ಪತ್ರಗಳನ್ನೂ, ಕೇಳಿದರೂ 500ಕ್ಕೆ ಮೀರದಷ್ಟನ್ನೂ ಕೊಡುತ್ತದೆ. ಉಳಿದುದಕ್ಕೆ ಮುಂದಿನ ಪುಟದ ಚೀಟಿಯನ್ನು ಹಿಡಿದು ಮತ್ತೆ ಕೇಳಬೇಕು. ಈ ಚೀಟಿಯ ಮಾತು ವಿವರಣೆಯಲ್ಲಿ ಬಿಟ್ಟುಹೋದರೆ ಏಜೆಂಟು ನೂರು ಪತ್ರಗಳನ್ನು ನೋಡಿ ‘ಅಂಥ ಪತ್ರ ಯಾವುದೂ ಇಲ್ಲ’ ಎಂದು ಧೈರ್ಯವಾಗಿ ವರದಿ ಮಾಡೀತು. ದೊರೆತಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಭೇದವನ್ನು ಸಂಶೋಧನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಸಾಲದು. ಆ ಪಾಠ ಈಗ ಯಂತ್ರಕ್ಕೂ ಬಂದಿದೆ.

ಪರಿಣಾಮವನ್ನು ಹೇಳಬೇಕೆಂಬ ಅರಿವು ಹೊಸ ಒಡಂಬಡಿಕೆಯಲ್ಲಿ ಇಲ್ಲವೇ ಇಲ್ಲವೆನ್ನುವುದು ಅನ್ಯಾಯವಾದೀತು. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲಿನ 2025ರ ಮಾರ್ಚ್ ತಿಂಗಳ ಪಾಠದಲ್ಲಿ ಉಪಕರಣಕ್ಕೆ ಕೆಲವು ಟಿಪ್ಪಣಿಗಳನ್ನು ಹಚ್ಚಲು ಅವಕಾಶ ಕೊಟ್ಟಿದೆ: ಇದು ಓದುವುದಕ್ಕೆ ಮಾತ್ರವೇ, ಇದರಿಂದ ನಾಶವುಂಟೇ, ಎರಡು ಬಾರಿ ಮಾಡಿದರೂ ಒಂದೇ ಫಲವೇ, ಇತ್ಯಾದಿ. ಉಪಕರಣವು ಏನನ್ನೂ ಹೇಳದಿದ್ದರೆ ಅದು ಬದಲಾವಣೆ ಮಾಡತಕ್ಕದ್ದು, ನಾಶಕಾರಿಯೂ ಆಗಿರಬಹುದು ಎಂದೇ ಎಣಿಸಬೇಕು. ಮೌನವನ್ನು ನಿರಪರಾಧವೆಂದು ತಿಳಿಯದ ಈ ನಿಲುವು ಬಹಳ ವಿವೇಕದ್ದು. ಆದರೆ ಇವು ಬರಿಯ ಸೂಚನೆಗಳು. ನಂಬತಕ್ಕ ಮೂಲದಿಂದ ಬಂದಿರದಿದ್ದರೆ ಇವನ್ನು ನಂಬಕೂಡದೆಂದು ಒಡಂಬಡಿಕೆಯೇ ವಿಧಿಸಿದೆ. ಅಂದಮೇಲೆ ದಸ್ತಾವೇಜು ತನ್ನ ಸಾಚಾತನಕ್ಕೆ ತಾನೇ ಸಾಕ್ಷಿ ನುಡಿದಂತಾಯಿತು. ಪಶ್ಚಿಮ ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ವಾದವನ್ನು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಪಟದ ಒಳಗಿನ ಮಾತು ಎಷ್ಟೇ ಗಂಭೀರವಾಗಿರಲಿ, ಲಿಪಿ, ಕಾಲಗಣನೆ ಮುಂತಾದ ಬೇರೆ ಪ್ರಮಾಣಗಳಿಗೆ ಅದು ಹೊಂದಬೇಕೆಂಬುದು ಅಲ್ಲಿ ಫ್ಲೀಟರ ಪಟ್ಟು. ಉಪಕರಣದ ವಿವರಣೆಯನ್ನೂ ಹಾಗೆಯೇ ಹೊರಗಿನಿಂದ ಒರೆಗೆ ಹಚ್ಚಬೇಕು.

ಇದು ಕೇವಲ ಶಂಕೆಯಲ್ಲವೆಂಬುದಕ್ಕೆ 2025ರ ಸೆಪ್ಟೆಂಬರಿನ ಪ್ರಕರಣವೊಂದು ಸಾಕು. ಪೋಸ್ಟ್‌ಮಾರ್ಕ್ ಎಂಬುದು ಇ-ಮೇಲ್ ರವಾನಿಸುವ ಒಂದು ಸೇವೆ. ಅದರ ಹೆಸರನ್ನು ಧರಿಸಿ, ಏಜೆಂಟುಗಳ ಬಳಕೆಗೆಂದು ‘ಪೋಸ್ಟ್‌ಮಾರ್ಕ್-ಎಂಸಿಪಿ’ ಎಂಬ ಉಪಕರಣವೊಂದು ಎನ್‌ಪಿಎಮ್ ಭಂಡಾರದಲ್ಲಿ ಸಿಗುತ್ತಿತ್ತು; ಆ ಸೇವೆಯವರಿಗೂ ಇದಕ್ಕೂ ಸಂಬಂಧವಿರಲಿಲ್ಲ. ಹದಿನೈದು ಆವೃತ್ತಿಗಳವರೆಗೆ ಅದು ಸರಿಯಾಗಿಯೇ ಕೆಲಸ ಮಾಡಿತು. 1.0.16ನೆಯ ಆವೃತ್ತಿಯಲ್ಲಿ ಒಂದೇ ಒಂದು ಸಾಲು ಸೇರಿತು: ಹೊರಡುವ ಪ್ರತಿ ಪತ್ರದ ಗುಪ್ತ ಪ್ರತಿಯೊಂದು ಅಪರಿಚಿತ ವಿಳಾಸಕ್ಕೆ ಹೋಗತಕ್ಕದ್ದು. ಕೋಯ್ ಸೆಕ್ಯುರಿಟಿ ಎಂಬ ಸಂಸ್ಥೆಯು ಇದನ್ನು ಹೊರಗೆಡವಿತು. ಪತ್ರವನ್ನು ಕಳುಹಿಸುವುದು ಎಂದು ಸಾರಿದ ಕೆಲಸವನ್ನು ಉಪಕರಣವು ಮಾಡುತ್ತಲೇ ಇದ್ದಿತು. ಹೇಳದ ಇನ್ನೊಂದನ್ನೂ ಮಾಡುತ್ತಿತ್ತು. ಓದುಗನಿಗೆ ಸಿಕ್ಕ ಶಬ್ದಗಳಲ್ಲಿ ಸುಳ್ಳಿರಲಿಲ್ಲ. ಕೂಟಶಾಸನಗಳ ಚರಿತ್ರೆಯಲ್ಲಿ ಇಷ್ಟು ನಯವಾದ ಕೆಲಸ ಅಪರೂಪ.

ಉಪಕರಣದ ವಿವರಣೆ ಹೀಗಾದರೆ, ಉಪಕರಣವು ತಂದು ಒಪ್ಪಿಸುವ ಪತ್ರದ ಒಕ್ಕಣೆಯದು ಬೇರೆಯೇ ಸಮಸ್ಯೆ. ಭಾಷಾಮಾದರಿಗೆ ಒಡೆಯನ ಅಪ್ಪಣೆಯೂ, ಉಪಕರಣದ ವಿವರಣೆಯೂ, ಬಂದ ಪತ್ರದ ಒಕ್ಕಣೆಯೂ ಒಂದೇ ಹೊಳೆಯಲ್ಲಿ ಹರಿದುಬರುವ ಮಾತುಗಳು. ಪತ್ರದೊಳಗೆ ‘ಹಿಂದಿನ ಆಜ್ಞೆಗಳನ್ನು ಬಿಟ್ಟು ಹೀಗೆ ಮಾಡು’ ಎಂದು ಯಾವನೋ ಬರೆದಿದ್ದರೆ ಏಜೆಂಟು ಅದನ್ನೇ ಆಜ್ಞೆಯೆಂದು ತಿಳಿಯುವ ಸಂಭವವಿದೆ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರನ್ನು ಸೈಮನ್ ವಿಲಿಸನ್ 2022ರ ಸೆಪ್ಟೆಂಬರಿನಲ್ಲಿ ಕೊಟ್ಟನು. ಅಂಚೆಪೆಟ್ಟಿಗೆಯ ಬಾಯಿ ಎಲ್ಲರಿಗೂ ತೆರೆದಿರುವುದರಿಂದ ಇ-ಮೇಲಿನಲ್ಲಿ ಈ ಭಯ ಅಧಿಕ. 2025ರ ಜೂನಿನಲ್ಲಿ ಏಮ್ ಲ್ಯಾಬ್ಸ್ ಸಂಶೋಧಕರು ಎಕೋಲೀಕ್ ಎಂಬ ದೋಷವನ್ನು ಪ್ರಕಟಿಸಿದರು. ಮೈಕ್ರೋಸಾಫ್ಟ್ 365 ಕೋಪೈಲಟ್ ಬಳಸುವವನಿಗೆ ಒಂದು ಇ-ಮೇಲನ್ನು ಕಳುಹಿಸಿದರೆ ಸಾಕು, ಅವನು ಏನನ್ನೂ ಒತ್ತದೆಯೇ ಅವನ ಗುಟ್ಟಿನ ದಸ್ತಾವೇಜುಗಳ ವಿಷಯವನ್ನು ಹೊರಕ್ಕೆ ಸೆಳೆಯಬಹುದಾಗಿತ್ತು. ಪ್ರಕಟಣೆಯ ವೇಳೆಗೆ ದೋಷವನ್ನು ಸರಿಪಡಿಸಲಾಗಿತ್ತು. ಟಪಾಲು ಗುಮಾಸ್ತನು ಬಂದ ಅರ್ಜಿಯನ್ನು ಓದಿ ಅದರಲ್ಲಿ ಕೇಳಿದಂತೆ ಖಜಾನೆಯ ಬಾಗಿಲು ತೆಗೆಯುವುದಿಲ್ಲ. ಅರ್ಜಿ ಬೇರೆ, ಹುಕುಂ ಬೇರೆ ಎಂದು ಅವನು ಬಲ್ಲನು. ಓದುವ ಉಪಕರಣದ ವಿವರಣೆಯಲ್ಲಿ ‘ಇದು ಹಿಂದಿರುಗಿಸುವುದು ಪರರ ಮಾತು, ಆಜ್ಞೆಯಲ್ಲ’ ಎಂಬೊಂದು ವಾಕ್ಯವಿದ್ದರೆ ಅಪಾಯವು ಸಂಪೂರ್ಣವಾಗಿ ತಪ್ಪುವುದೆಂದು ಪ್ರಸ್ತುತ ಲೇಖಕನು ಹೇಳಲಾರನು. ವಾಕ್ಯದಿಂದ ಬಂದ ರೋಗಕ್ಕೆ ವಾಕ್ಯವೇ ಪೂರ್ಣೌಷಧವಾಗದು. ಓದುವ ಅಧಿಕಾರವನ್ನೂ ಕಳುಹಿಸುವ ಅಧಿಕಾರವನ್ನೂ ಒಂದೇ ಏಜೆಂಟಿನ ಕೈಗೆ ಕೊಡದಿರುವುದು ಹೆಚ್ಚು ಭದ್ರವಾದ ಮಾರ್ಗ. ಆದರೂ ಆ ವಾಕ್ಯವನ್ನು ಬರೆಯದಿರಲು ಕಾರಣ ಕಾಣುವುದಿಲ್ಲ.

ಕಡೆಯದಾಗಿ ಕೈಬರಹದ ಪ್ರಶ್ನೆ. ಏಜೆಂಟು ಬರೆದ ಪತ್ರವು ಒಡೆಯನ ಹೆಸರಿನಲ್ಲಿಯೇ ಹೋಗುತ್ತದೆ. ಹಳೆಯ ಕಡತಗಳಲ್ಲಿ ಅಕ್ಷರದ ವಾಲು, ಶಾಯಿಯ ಬಣ್ಣ, ಅಂಚಿನ ಚಿಕ್ಕ ಸಹಿ ಇವುಗಳಿಂದ ಬರೆದ ಕೈಯನ್ನು ಗುರುತಿಸುತ್ತೇವೆ. ಇಲ್ಲಿ ಅದಾವುದೂ ಇಲ್ಲ. ಯಂತ್ರವು ತಾನಾಗಿ ಕಳುಹಿಸಿದ ಪತ್ರವೆಂದು ಸೂಚಿಸಲು ‘ಆಟೋ-ಸಬ್ಮಿಟೆಡ್’ ಎಂಬ ಶಿರೋಲೇಖವೊಂದನ್ನು 2004ರ 3834ನೆಯ ಪತ್ರವು ಹಿಂದೆಯೇ ಒದಗಿಸಿದೆ. ಮನುಷ್ಯನು ನೋಡದೆ ಹೊರಟ ಪತ್ರಕ್ಕೆ ಇದನ್ನು ಹಚ್ಚಲು ಯಾವ ಅಡ್ಡಿಯೂ ತೋರುವುದಿಲ್ಲ. ಪ್ರಸ್ತುತ ಲೇಖಕನು ಓದಿದ ಉಪಕರಣ ವಿವರಣೆಗಳಲ್ಲಿ ಅದರ ಹೆಸರೇ ಕಾಣಲಿಲ್ಲ. ನಮ್ಮ ಕಚೇರಿಯ ಹಳೆಯ ಜಾವಕ ವಹಿಗಳಲ್ಲಿ ಕ್ರಮಾಂಕ, ತಾರೀಖು, ವಿಳಾಸ ಇವುಗಳ ಬದಿಗೆ ರವಾನಿಸಿದವನ ಸಹಿಗೆಂದೇ ಒಂದು ಕಿರಿದಾದ ಮನೆ ಇರುತ್ತಿತ್ತು.

ಈ ವಿವರಣಪತ್ರಗಳು ಮುದ್ರಿತ ಗ್ರಂಥಗಳಂತೆ ನಿಲ್ಲುವುವಲ್ಲ. ಆವೃತ್ತಿ ಬದಲಾದಾಗ ಹಿಂದಿನ ಪಾಠವು ಎಷ್ಟೋ ವೇಳೆ ಸುಳಿವಿಲ್ಲದೆ ಮಾಯವಾಗುತ್ತದೆ. ಆದುದರಿಂದ ಪ್ರಸ್ತುತ ಲೇಖಕನು ತನಗೆ ದೊರೆತವುಗಳನ್ನು ಆವೃತ್ತಿಯ ಸಂಖ್ಯೆ, ಪಡೆದ ತಾರೀಖು ಇವುಗಳೊಡನೆ ಮುದ್ರಿಸಿ ವಿಭಾಗದ ಕಪಾಟಿನಲ್ಲಿರಿಸಲು ತೊಡಗಿದ್ದಾನೆ. ತಮ್ಮ ಕಾಲೇಜುಗಳಲ್ಲಿ ಇಂಥ ಉಪಕರಣಗಳನ್ನು ಬಳಸುತ್ತಿರುವ ಅಧ್ಯಾಪಕ ಮಿತ್ರರು ಅವುಗಳ ವಿವರಣೆಯ ಒಂದೊಂದು ಪ್ರತಿಯನ್ನು ಇದೇ ರೀತಿ ತಾರೀಖು ನಮೂದಿಸಿ ಕಳುಹಿಸಿಕೊಟ್ಟರೆ ಮುಂದಿನ ವರ್ಷದ ಸಂಚಿಕೆಯ ವೇಳೆಗೆ ಪಾಠಾಂತರಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಬಹುದಾಗಿದೆ.